ಕತ್ತಲಲ್ಲಿ ಹತ್ತು ನಂಬರ್ ಕೈಗೆ ಸಿಗಬೇಕು: ಕರಾವಳಿ ಮನೆಯ ಟೂಲ್ ಬಾಕ್ಸ್ ಜೋಡಿಸುವ ಬಗೆ

ಜುಲೈ ತಿಂಗಳ ಒಂದು ಸಂಜೆ. ಕಾರವಾರದಲ್ಲಿ ಮೂರು ದಿನಗಳಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟ್ ಹೋಗಿ ಎರಡು ತಾಸಾಗಿತ್ತು. ಮಗಳನ್ನು ರೈಲ್ವೆ ಸ್ಟೇಷನ್ನಿಗೆ ಬಿಡಬೇಕು, ಕಾರು ಸ್ಟಾರ್ಟ್ ಆಗುತ್ತಿಲ್ಲ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ. ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರಿಸಿ ಹ್ಯಾಂಡಲ್‌ನಿಂದ ತಿರುಗಿಸುವ ಹತ್ತು ನಂಬರಿನ ಸಾಕೆಟ್ ಇದ್ದರೆ ಎರಡು ನಿಮಿಷದ ಕೆಲಸ. ಮೊಬೈಲಿನ ಬೆಳಕನ್ನು ಬಾಯಲ್ಲಿ ಕಚ್ಚಿಕೊಂಡು ಟೂಲ್ ಬಾಕ್ಸಿನೊಳಗೆ ಕೈ ಹಾಕಿದೆ. ಎಂಟು ಸಿಕ್ಕಿತು, ಹನ್ನೊಂದು ಸಿಕ್ಕಿತು, ಯಾವ ಕಾಲಕ್ಕೂ ಬಳಸದ ಮೂವತ್ತೆರಡು ಎರಡು ಸಲ ಸಿಕ್ಕಿತು. ಮಗಳು ಆಟೋದಲ್ಲಿ ಹೋದಳು. ಹತ್ತು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಸ್ಪಂಜಿನಡಿಯಲ್ಲಿ. ಎತ್ತಿದರೆ ಬರಲಿಲ್ಲ. ತಗಡಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಕಿತ್ತು ತೆಗೆದ ಜಾಗದಲ್ಲಿ ಬಳೆಯಷ್ಟು ದುಂಡಗೆ, ಕಾವಿ ಬಣ್ಣದ ಗುರುತು ಉಳಿಯಿತು.

ಅಂದಿನಿಂದ ಪೆಟ್ಟಿಗೆ ಜೋಡಿಸುವಾಗ ನನಗಿರುವುದು ಎರಡೇ ಪರೀಕ್ಷೆ: ಕಣ್ಣು ಮುಚ್ಚಿಕೊಂಡು ಬೇಕಾದ ಹತಾರ ತೆಗೆಯಲು ಆಗುತ್ತದೆಯೇ, ಮಳೆಗಾಲ ಮುಗಿದ ಮೇಲೆ ಅದು ಹೊಳೆಯುತ್ತಿದೆಯೇ. ಗೋಡೆ ತುಂಬ ಬಣ್ಣಬಣ್ಣದ ಹತಾರ ತೂಗುಹಾಕುವ ಚಿತ್ರಗಳು ಒಣ ಹವೆಯ ಊರುಗಳಿಗೆ ಸರಿ. ನಮ್ಮ ಕಾರವಾರದ ಕೋಡಿಬಾಗದಲ್ಲೋ ಬೈತಖೋಲದಲ್ಲೋ ಹಾಗೆ ತೆರೆದು ತೂಗುಹಾಕಿದರೆ ದೀಪಾವಳಿಯ ಹೊತ್ತಿಗೆ ಕೆಂಪಾದ ಕಬ್ಬಿಣ ಉಳಿಯುತ್ತದೆ.

ಎಲ್ಲವನ್ನೂ ಅಂಗಳಕ್ಕೆ ಹಾಕಿ

ಈ ಕೆಲಸಕ್ಕೆ ಮೇ ತಿಂಗಳು ಒಳ್ಳೆಯದು. ಅಂಗಳದಲ್ಲಿ ಹಪ್ಪಳ, ಮುರುಗಲು ಸಿಪ್ಪೆ ಒಣಗುವ ಬಿಸಿಲಿನಲ್ಲಿಯೇ ಒಂದು ಮೂಲೆ ಕೇಳಿ ಪಡೆಯಿರಿ. ಗೋಣಿಚೀಲ ಹಾಸಿ, ಪೆಟ್ಟಿಗೆಯನ್ನು ಬೋರಲು ಹಾಕಿ ಖಾಲಿ ಮಾಡಿ. ಒಂದೊಂದಾಗಿ ತೆಗೆದು ನೋಡಿ ಒಳಗಿಡುವ ಆಸೆ ಬೇಡ. ಹಾಗೆ ಮಾಡಿದರೆ ತಳದಲ್ಲಿರುವ ಹಳೆಯ ನಟ್ಟು, ಮುರಿದ ಬ್ಲೇಡು, ಯಾವುದೋ ಮಿಕ್ಸರಿನ ಕಪ್ಲರ್ ಅಲ್ಲಿಯೇ ಉಳಿಯುತ್ತವೆ. ಮನೆಯ ಮೂಲೆಮೂಲೆಯಲ್ಲಿರುವುದನ್ನೂ ತನ್ನಿ. ಅಡುಗೆಮನೆಯ ಡ್ರಾಯರಿನಲ್ಲೊಂದು ಸ್ಕ್ರೂಡ್ರೈವರ್, ಪಂಪಿನ ಮನೆಯಲ್ಲೊಂದು ಪೈಪ್ ರೆಂಚ್, ಸ್ಕೂಟರಿನ ಡಿಕ್ಕಿಯಲ್ಲೊಂದು ಪ್ಲಗ್ ಪಾನಾ (ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್) ಇದ್ದೇ ಇರುತ್ತವೆ.

ಈಗ ವಿಂಗಡಿಸಿ. ಪಾನಾ ಒಂದು ಕಡೆ, ಇಕ್ಕಳ ಒಂದು ಕಡೆ ಎಂದು ಜಾತಿ ನೋಡಿ ರಾಶಿ ಹಾಕುವುದು ಎಲ್ಲರಿಗೂ ತೋಚುವ ದಾರಿ. ನಾನು ಮೊದಲು ನೋಡುವುದು ಎಷ್ಟು ಸಲ ಬಳಸುತ್ತೇನೆ ಎಂಬುದನ್ನು. ಕಳೆದ ವರ್ಷ ಐದಾರು ಸಲ ಕೈಗೆ ಬಂದದ್ದು ಮೊದಲ ರಾಶಿ, ಒಂದೆರಡು ಸಲ ಬಂದದ್ದು ಎರಡನೆಯದು, ಯಾಕಿದೆ ಎಂದೇ ನೆನಪಿಲ್ಲದ್ದು ಮೂರನೆಯದು. ನನ್ನ ಮೂರನೆಯ ರಾಶಿಯಲ್ಲಿ 12-13ರ ಡಬಲ್ ಎಂಡ್ ಪಾನಾ ನಾಲ್ಕು ಇದ್ದವು. ಒಂದನ್ನು ಇಟ್ಟುಕೊಂಡೆ, ಒಂದು ಸ್ಕೂಟರಿಗೆ ಹೋಯಿತು, ಎರಡು ಪಕ್ಕದ ಮನೆಗೆ ಹೋದವು. ‘ಮುಂದೆ ಬೇಕಾದೀತು’ ಎಂಬ ಮಾತನ್ನು ಮೂರನೆಯ ರಾಶಿಯ ಹತ್ತಿರ ಆಡಬೇಡಿ. ಹೆಂಡತಿ ಕೇಳಿಸಿಕೊಳ್ಳುತ್ತಾಳೆ, ಅವಳ ಹಳೆಯ ಡಬ್ಬಗಳ ವಿಷಯದಲ್ಲಿ ಅದೇ ಮಾತು ತಿರುಗಿ ಬರುತ್ತದೆ.

ಎಣ್ಣೆಗಿಂತ ಮೊದಲು ಸಿಹಿನೀರು

ಹೆಚ್ಚಿನವರು ತಪ್ಪುವುದು ಇಲ್ಲಿ. ಹತಾರಗಳನ್ನು ಒರೆಸಿ ನೇರವಾಗಿ ಎಣ್ಣೆ ಹಚ್ಚುತ್ತಾರೆ. ಕಡಲ ಗಾಳಿ ಉಪ್ಪನ್ನು ಹೊತ್ತು ತರುತ್ತದೆ, ಅದು ಕಣ್ಣಿಗೆ ಕಾಣದ ಪುಡಿಯಾಗಿ ಲೋಹದ ಮೇಲೆ ಕೂರುತ್ತದೆ. ಸಮುದ್ರದ ಉಪ್ಪಿನಲ್ಲಿ ಅಡುಗೆಯ ಉಪ್ಪಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಗಾಳಿಯ ತೇವಾಂಶ ಶೇ. 35ರಷ್ಟಿದ್ದರೂ ಅದು ನೀರು ಹೀರಿ ಒದ್ದೆಯಾಗಬಲ್ಲದು. ಸಾಣಿಕಟ್ಟೆಯ ಕಲ್ಲುಪ್ಪನ್ನು ತೆರೆದ ಭರಣಿಯಲ್ಲಿಟ್ಟರೆ ಆಷಾಢದಲ್ಲಿ ಅದು ನೀರಾಗುತ್ತದಲ್ಲ, ಅದೇ ಕಥೆ ನಿಮ್ಮ ಪಾನಾದ ಮೇಲೂ ನಡೆಯುತ್ತಿರುತ್ತದೆ. ಎಣ್ಣೆ ಹಚ್ಚಿದರೆ ಉಪ್ಪು ಕರಗುವುದಿಲ್ಲ. ಅದರಡಿಯಲ್ಲಿ ಮುಚ್ಚಿಕೊಂಡು ತನ್ನ ಕೆಲಸ ಮುಂದುವರಿಸುತ್ತದೆ.

ಆದ್ದರಿಂದ ಮೊದಲು ಬಾವಿಯ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಜಿಡ್ಡು ಹಿಡಿದಿದ್ದರೆ ಪಾತ್ರೆ ತೊಳೆಯುವ ಸಾಬೂನು ಬಳಸಿ. ಕೂಡಲೇ ಒಣಬಟ್ಟೆಯಿಂದ ಒರೆಸಿ, ಒಂದು ತಾಸು ಬಿಸಿಲಿಗೆ ಬಿಡಿ. ಸಾಕೆಟ್ಟುಗಳನ್ನು ಬಾಯಿ ಕೆಳಗಾಗಿ ಇಡಿ, ಒಳಗಿನ ನೀರು ಇಳಿಯಲಿ.

ತುಕ್ಕು ಹಿಡಿದದ್ದು ಬೇರೆ. ಮೇಲ್ಮೇಲಿನ ಕೆಂಪಾದರೆ ಎಣ್ಣೆ ಹಾಕಿ ಸ್ಟೀಲ್ ಜುಂಗಿನಿಂದ ಉಜ್ಜಿದರೆ ಹೋಗುತ್ತದೆ. ಆಳಕ್ಕೆ ಇಳಿದಿದ್ದರೆ ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿ, ಬೆಳಿಗ್ಗೆ ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ತೆಗೆದು, ಚೆನ್ನಾಗಿ ಒಣಗಿಸಿ ಆಮೇಲೆ ಎಣ್ಣೆ ಹಚ್ಚಿ. ಬಿಂಬುಳಿಯ ಗಿಡ ಹಿತ್ತಲಲ್ಲಿದ್ದರೆ ಅದರ ಕಾಯನ್ನು ಸೀಳಿ ಉಜ್ಜಿ ನೋಡಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಕತ್ತಿಯ ಕಲೆ ತೆಗೆಯಲು ಬಹಳ ಒಳ್ಳೆಯದು. ಆದರೆ ಹುಳಿಯಲ್ಲಿ ಮುಳುಗಿಸುವ ಈ ಉಪಾಯ ಸುತ್ತಿಗೆ, ಉಳಿ, ಹಳೆಯ ಕಪ್ಪು ಪಾನಾಗಳಿಗಷ್ಟೇ ಇರಲಿ. ಕ್ರೋಮ್ ಲೇಪವಿರುವ ಸಾಕೆಟ್ಟನ್ನು ಹುಳಿಯಲ್ಲಿ ರಾತ್ರಿಯೆಲ್ಲ ಬಿಟ್ಟರೆ ಲೇಪವೇ ಸಿಪ್ಪೆಯಂತೆ ಏಳಬಹುದು. ಹಾಗೆ ಎದ್ದ ಸಿಪ್ಪೆ ಗಾಜಿನ ಚೂರಿನಷ್ಟು ಹರಿತವಾಗಿರುತ್ತದೆ. ಬೆರಳಿಗೆ ಚುಚ್ಚಿಸಿಕೊಂಡವನ ಮಾತಿದು.

ಯಾವ ಎಣ್ಣೆ? ಹೊಸ ಎಂಜಿನ್ ಆಯಿಲ್, 20ಡಬ್ಲ್ಯೂ-40 ದರ್ಜೆಯದಾದರೂ ನಡೆಯುತ್ತದೆ. ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಸವರಿದರೆ ಸಾಕು. ಗ್ಯಾರೇಜಿನಲ್ಲಿ ಬಸಿದ ಹಳೆಯ ಎಣ್ಣೆ ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರಲ್ಲಿ ಸುಟ್ಟ ಆಮ್ಲೀಯ ಪದಾರ್ಥಗಳಿರುತ್ತವೆ, ಚರ್ಮಕ್ಕೂ ಕೆಟ್ಟದ್ದು. ತೆಂಗಿನೆಣ್ಣೆ ಬೇಡ. ಕಮಟು ಹಿಡಿದ ಮೇಲೆ ಅದರ ಆಮ್ಲವೇ ಲೋಹವನ್ನು ತಿನ್ನುತ್ತದೆ, ಇರುವೆ ಬರುವುದು ಬೇರೆ. ಡಬ್ಬಿಯಲ್ಲಿ ಬರುವ ಡಬ್ಲ್ಯೂಡಿ-40 ಸ್ಪ್ರೇಯ ಹೆಸರಿನ ಮೊದಲೆರಡು ಅಕ್ಷರಗಳು ಹೇಳುವುದೇ ನೀರನ್ನು ಹೊರದೂಡುವ ಗುಣವನ್ನು. ಒದ್ದೆಯಾದ ಹತಾರಕ್ಕೆ ಅದು ಒಳ್ಳೆಯ ಮೊದಲ ಮದ್ದು. ಆದರೆ ಅದರ ಬಹುಪಾಲು ಆರಿಹೋಗುವ ದ್ರಾವಕ. ಉಳಿಯುವ ಪೊರೆ ತೀರಾ ತೆಳು, ನಾಲ್ಕು ತಿಂಗಳ ಮಳೆಗಾಲವನ್ನು ಅದರ ಮೇಲೆ ಬಿಡಬೇಡಿ.

ಸಾಕೆಟ್ಟುಗಳು

ನಮ್ಮ ಕಡೆಯ ಕೆಲವು ಗ್ಯಾರೇಜುಗಳಲ್ಲಿ ಇದನ್ನು ಗೋಟಿ ಎನ್ನುತ್ತಾರೆ. ಗೋಲಿಯಂತೆ ಉರುಳಿ ಹೋಗುವ ವಸ್ತುವಿಗೆ ತಕ್ಕ ಹೆಸರು. ಪೆಟ್ಟಿಗೆಯ ಅರ್ಧ ಗೊಂದಲ ಇವುಗಳಿಂದಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲು ಹಿಂಬದಿಯ ಚೌಕ ತೂತು ನೋಡಿ ಬೇರ್ಪಡಿಸಿ. ಕಾಲು ಇಂಚಿನದು 6.35 ಮಿ.ಮೀ., 3/8 ಇಂಚಿನದು ಸುಮಾರು 9.5, ಅರ್ಧ ಇಂಚಿನದು 12.7. ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಬೇಕಾದ ನಂಬರ್ ಸಿಕ್ಕಿದರೂ ಹ್ಯಾಂಡಲ್‌ಗೆ ಕೂರುವುದಿಲ್ಲ. ಹೊಸದಾಗಿ ಕೊಳ್ಳುವವರು ಒಂದೇ ಸೆಟ್ ಸಾಕೆಂದರೆ 3/8 ತೆಗೆದುಕೊಳ್ಳಿ. ಬೈಕು, ಪಂಪು, ಕಾರಿನ ಬಾನೆಟ್ಟಿನೊಳಗಿನ ಬಹುತೇಕ ಕೆಲಸಕ್ಕೆ ಆಗುತ್ತದೆ. ಚಕ್ರದ ನಟ್ಟಿಗೆ ಮಾತ್ರ ಅರ್ಧ ಇಂಚಿನ ಹ್ಯಾಂಡಲ್ ಬೇಕು.

ಎರಡನೆಯದಾಗಿ ಬಾಯಿ ನೋಡಿ. ಒಳಗೆ ಆರು ಮೂಲೆ ಇರುವುದು, ಹನ್ನೆರಡು ಮೂಲೆ ಇರುವುದು ಎಂದು ಎರಡು ಬಗೆ. ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಾಗಿ ಬರುವುದು ಹನ್ನೆರಡರದ್ದು, ಇಕ್ಕಟ್ಟಿನಲ್ಲಿ ಕೂರಿಸಲು ಸುಲಭ. ಆದರೆ ನಮ್ಮ ಊರಿನ ಬೋಲ್ಟುಗಳು ತುಕ್ಕು ತಿಂದು ಮೂಲೆ ಸವೆದಿರುತ್ತವೆ. ಹನ್ನೆರಡು ಮೂಲೆಯದು ಬೋಲ್ಟಿನ ಮೂಲೆಯನ್ನಷ್ಟೇ ಹಿಡಿದು ಜಾರುತ್ತದೆ, ಆರು ಮೂಲೆಯದು ಚಪ್ಪಟೆ ಬದಿಯನ್ನು ಒತ್ತಿ ಹಿಡಿಯುತ್ತದೆ. 10, 12, 13, 14, 17 ಈ ಐದಾದರೂ ಆರು ಮೂಲೆಯವು ಇರಲಿ. ಜಾತ್ರೆಯಲ್ಲಿ ತಂದ ಹೆಸರಿಲ್ಲದ ಸೆಟ್ಟಿನ ಹದಿನೇಳು ನಂಬರ್ ನನ್ನ ಕೈಯಲ್ಲೇ ಬಾಯಿ ಬಿಟ್ಟು ಸೀಳಿತ್ತು. ಗಟ್ಟಿ ಬೋಲ್ಟಿನ ಮೇಲೆ ಭಾರ ಹಾಕಿದ್ದೆ, ಗೆಣ್ಣು ಹೋಗಿ ಚಾಸಿಗೆ ಬಡಿಯಿತು.

ಯಾವುದು ಮುಂದಿನ ಸಾಲಿಗೆ? ನಂಬರ್ ಎಂದರೆ ಬೋಲ್ಟಿನ ತಲೆಯ ಚಪ್ಪಟೆ ಬದಿಗಳ ನಡುವಿನ ಅಳತೆ. 6 ಮಿ.ಮೀ. ಬೋಲ್ಟಿನ ತಲೆ ಸಾಮಾನ್ಯವಾಗಿ 10. ಹತ್ತು ನಂಬರ್ ಇಷ್ಟು ಬೇಕಾಗುವುದೂ ಇಷ್ಟು ಕಳೆದುಹೋಗುವುದೂ ಅದಕ್ಕೇ. 8 ಮಿ.ಮೀ. ಬೋಲ್ಟಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಜಪಾನ್ ಪದ್ಧತಿಯ ಗಾಡಿಗಳಲ್ಲಿ ಅದರ ತಲೆ 12, ಹಾರ್ಡ್‌ವೇರ್ ಅಂಗಡಿಯ ಬೋಲ್ಟಿನಲ್ಲಿ 13. ಗಾಡಿಯ ಬೋಲ್ಟ್ ಕಳೆದು ಅಂಗಡಿಯದನ್ನು ಹಾಕಿದ ದಿನದಿಂದ ಒಂದೇ ಕವರಿಗೆ ಎರಡೆರಡು ನಂಬರ್ ಬೇಕಾಗುತ್ತದೆ. 10 ಮಿ.ಮೀ. ಬೋಲ್ಟ್ ಹೀಗೆಯೇ 14, 16, 17 ಎಂದು ಮೂರು ವೇಷದಲ್ಲಿ ಬರುತ್ತದೆ. ಹಾಗಾಗಿ ಮುಂದಿನ ಸಾಲಿನಲ್ಲಿ 8, 10, 12, 13, 14, 17, 19. ಹಿಂದಿನ ಸಾಲಿನಲ್ಲಿ 9, 11, 15, 16, 18, 21 ಮತ್ತು ಮೇಲಿನವು. ಪ್ಲಗ್ಗಿನ ಉದ್ದ ಸಾಕೆಟ್, ಅದು 16 ಇರಲಿ, 18 ಇರಲಿ, 21 ಇರಲಿ, ನಿಮ್ಮ ಗಾಡಿಗೆ ಬೇಕಾದ ಒಂದನ್ನು ಮಾತ್ರ ಬೇರೆ ಚೀಲದಲ್ಲಿಡಿ.

ಹಳೆಯ ಜೀಪು ಇರುವ ಮನೆಯಲ್ಲಿ ಇಂಚಿನ ಸಾಕೆಟ್ಟುಗಳೂ ಇರುತ್ತವೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇವು ಇಂದಿಗೂ ಕೆಲಸ ಮಾಡುತ್ತಿವೆ. ಅರ್ಧ ಇಂಚೆಂದರೆ 12.7 ಮಿ.ಮೀ. ಅದಕ್ಕೆ 13ನ್ನು ಕೂರಿಸಿದರೆ ಕೂತಂತೆ ಕಂಡು ಬೋಲ್ಟಿನ ತಲೆಯನ್ನು ಉರುಟು ಮಾಡುತ್ತದೆ. ಮುಕ್ಕಾಲು ಇಂಚು 19.05 ಆದ್ದರಿಂದ 19ಕ್ಕೆ ಹೆಚ್ಚುಕಡಿಮೆ ಸರಿ ಬರುತ್ತದೆ. ಇಂಚಿನವನ್ನೆಲ್ಲ ಕೆಂಪು ಬಟ್ಟೆಯ ಚೀಲದಲ್ಲಿ ಕಟ್ಟಿ ಇನ್ನೊಂದು ಖಾನೆಗೆ ಹಾಕಿ. ಮಿಲಿಮೀಟರಿನವುಗಳ ಜೊತೆ ಸೇರಲು ಬಿಡಬೇಡಿ.

ಇನ್ನು ಸಾಕೆಟ್ಟುಗಳನ್ನು ನಿಲ್ಲಿಸುವ ಹಲಗೆ. ಅಂಗಡಿಯಲ್ಲಿ ಸಿಗುವ ತಗಡಿನ ಪಟ್ಟಿಯ ಕ್ಲಿಪ್ಪುಗಳು ನಮ್ಮಲ್ಲಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬಿಗಿಯುತ್ತವೆ. ನಾನು ಮಾಡಿಕೊಂಡದ್ದು ಹೀಗೆ. ಅಡುಗೆಮನೆಯಿಂದ ನಿವೃತ್ತಿಯಾದ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯೊಂದನ್ನು ಪೆಟ್ಟಿಗೆಯ ಅಗಲಕ್ಕೆ ಕತ್ತರಿಸಿದೆ. ಶಿರಸಿಯಿಂದ ಭಾವ ತಂದುಕೊಟ್ಟ ಒಣ ಅಡಿಕೆ ದಬ್ಬೆಯನ್ನು ಸೀಳಿ ಗೂಟಗಳನ್ನು ಕೆತ್ತಿದೆ, ಅರ್ಧ ಇಂಚಿನವಕ್ಕೆ 12 ಮಿ.ಮೀ. ದಪ್ಪ, 3/8ಕ್ಕೆ 9. ಅಡಿಕೆ ದಬ್ಬೆಯ ಹೊರಮೈ ಕಬ್ಬಿಣದಂತೆ ಗಟ್ಟಿ, ಒಳಭಾಗ ನಾರು. ಹೊರಮೈಯಿಂದಲೇ ಗೂಟ ತೆಗೆಯಬೇಕು, ಚಾಕು ಹರಿತವಿರಬೇಕು, ಸಿಬಿರು ಚುಚ್ಚದಂತೆ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಮಣೆಯಲ್ಲಿ ಅದೇ ಅಳತೆಯ ತೂತು ಕೊರೆದು ಗೂಟಗಳನ್ನು ಬಿಗಿಯಾಗಿ ಹೊಡೆದೆ. ಒಂದು ಗೂಟಕ್ಕೆ ಒಂದು ಸಾಕೆಟ್, ಬಾಯಿ ಮೇಲಾಗಿ. ಸಾಲು ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಕ್ಕೆ. ಖಾಲಿ ಗೂಟ ಕಂಡರೆ ಏನೋ ಹೊರಗಿದೆ ಎಂದೇ ಅರ್ಥ.

ಕತ್ತಲೆಗಾಗಿ ಒಂದು ಸಣ್ಣ ಉಪಾಯ. ಹತ್ತರ ಗೂಟದ ಮುಂದೆ ಒಂದು ಹಿತ್ತಾಳೆ ಸ್ಕ್ರೂವನ್ನು ತಲೆ ಮೇಲೆದ್ದಿರುವಂತೆ ಕೂರಿಸಿ, ಹದಿನೇಳರ ಮುಂದೆ ಎರಡು. ಕೀಪ್ಯಾಡ್ ಫೋನಿನ ಐದರ ಗುಂಡಿಯ ಮೇಲೊಂದು ಚುಕ್ಕೆ ಇತ್ತಲ್ಲ, ಅದೇ ಯುಕ್ತಿ. ಬೆರಳಿಗೆ ಸ್ಕ್ರೂ ತಗುಲಿದರೆ ಅಲ್ಲಿಂದ ಎಣಿಸಿಕೊಂಡು ಹೋಗಬಹುದು. ಹಗಲಿಗಾಗಿ, ಸಾಕೆಟ್ಟಿನ ಮೇಲೆ ಕೊರೆದ ಅಂಕಿಗಳಿಗೆ ಬಿಳಿ ನೇಲ್ ಪಾಲಿಶ್ ತುಂಬಿ ಮೇಲಿನದನ್ನು ಕೂಡಲೇ ಒರೆಸಿ. ಕೊರೆದ ಗೆರೆಯಲ್ಲಿ ಉಳಿಯುವ ಬಿಳುಪು ಚಾಳೀಸು ದಾಟಿದ ಕಣ್ಣಿಗೂ ಕಾಣುತ್ತದೆ.

ರ‍್ಯಾಚೆಟ್ ಹ್ಯಾಂಡಲಿನೊಳಗೆ (ಒಂದು ದಿಕ್ಕಿಗೆ ಹಿಡಿದು, ಇನ್ನೊಂದು ದಿಕ್ಕಿಗೆ ಸುಮ್ಮನೆ ತಿರುಗುವ ಹ್ಯಾಂಡಲ್ ಇದು) ಗ್ರೀಸ್ ತುಂಬಬೇಡಿ. ದಪ್ಪ ಗ್ರೀಸಿಗೆ ಒಳಗಿನ ಹಲ್ಲಿನ ಕೊಕ್ಕೆ ಅಂಟಿಕೊಂಡು ಜಾರುತ್ತದೆ, ಎರಡು ಹನಿ ತೆಳು ಎಣ್ಣೆ ಸಾಕು. ಹ್ಯಾಂಡಲ್, ಉದ್ದ ಮಾಡುವ ಎಕ್ಸ್‌ಟೆನ್ಶನ್, ತಿರುಗಿಸುವ ಸರಳು ಟಾಮಿ ಇವು ಸಾಕೆಟ್ ಹಲಗೆಯ ಪಕ್ಕದಲ್ಲೇ ಮಲಗಿರಲಿ. ಎಷ್ಟು ಬಿಗಿ ಎಂದು ಅಂಕಿ ಇಟ್ಟು ತಿರುಗಿಸುವ ಟಾರ್ಕ್ ರೆಂಚ್ ಇದ್ದರೆ ಕೆಲಸ ಮುಗಿದ ಮೇಲೆ ಅದರ ಅತಿ ಕಡಿಮೆ ಅಂಕಿಗೆ ತಿರುಗಿಸಿ ಇಡಿ.

ಉಳಿದವು

ಇವಕ್ಕೆ ಇಷ್ಟು ಮಾತು ಬೇಡ. ಪಾನಾಗಳಿಗೆ ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ ಸಾಲು ಜೇಬು ಹೊಲಿಸಿ ಸುರುಳಿ ಸುತ್ತಿ. ಬಟ್ಟೆಗೆ ಎಣ್ಣೆ ಹೀರಿದ್ದರೆ ಅದೇ ತುಕ್ಕಿಗೆ ಕಾವಲು. ಸ್ಕ್ರೂಡ್ರೈವರ್‌ಗಳ ತುದಿ ಮೇಲೆ, ಹಿಡಿ ಕೆಳಗೆ ಇರುವಂತೆ ನಿಲ್ಲಿಸುವವರಿದ್ದಾರೆ. ತುದಿ ಗುರುತಿಸಲು ಅನುಕೂಲ ಎನ್ನುತ್ತಾರೆ, ಕತ್ತಲಲ್ಲಿ ಕೈ ಹಾಕಿದವನಿಗೆ ಅನುಕೂಲವಲ್ಲ. ಇಕ್ಕಳಗಳ ಕೀಲಿಗೆ ಒಂದು ಹನಿ ಎಣ್ಣೆ. ಎಲನ್ ಕೀಗಳು (ಆರು ಮೂಲೆಯ ಬಾಗಿದ ಕಡ್ಡಿಗಳು) ರಬ್ಬರ್ ಬ್ಯಾಂಡ್ ಬಿಟ್ಟು ಯಾವುದರಲ್ಲಾದರೂ ಇರಲಿ. ರಬ್ಬರ್ ಕರಗಿ ಅಂಟುತ್ತದೆ. ಅರ ಮತ್ತು ಉಳಿ ಒಂದಕ್ಕೊಂದು ತಾಗಬಾರದು, ಎರಡರ ಹರಿತವೂ ಹೋಗುತ್ತದೆ.

ಪೆಟ್ಟಿಗೆ ಮತ್ತು ಅದರ ಜಾಗ

ಐದು ಖಾನೆಯ, ಎರಡೂ ಬದಿಗೆ ತೆರೆಯುವ ತಗಡಿನ ಪೆಟ್ಟಿಗೆಯೇ ನನಗೆ ಇಷ್ಟ. ತೆರೆದರೆ ಎಲ್ಲವೂ ಒಮ್ಮೆಗೆ ಕಾಣುತ್ತದೆ. ಮೇಲಿನ ಎರಡು ಖಾನೆಗಳಿಗೆ ಮೊದಲ ರಾಶಿ, ಕೆಳಗಿನವಕ್ಕೆ ಎರಡನೆಯದು, ತಳಕ್ಕೆ ಸುತ್ತಿಗೆ ಮತ್ತು ಪೈಪ್ ರೆಂಚ್. ತುಂಬಿದ ಮೇಲೆ ಒಂದು ಕೈಯಲ್ಲಿ ಎತ್ತಲಾಗದಿದ್ದರೆ ಎರಡು ಪೆಟ್ಟಿಗೆ ಮಾಡಿ. ಕರಾವಳಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಇನ್ನೂ ವಾಸಿ ಎಂಬ ವಾದವಿದೆ, ತಪ್ಪಲ್ಲ. ಆದರೆ ಒದ್ದೆ ಹತಾರವನ್ನು ಒಳಗಿಟ್ಟು ಬಿಗಿಯಾಗಿ ಮುಚ್ಚಿದರೆ ಅದು ಇಡ್ಲಿ ಪಾತ್ರೆಯಾಗುತ್ತದೆ.

ತಳಕ್ಕೆ ಸ್ಪಂಜು ಹಾಸಬೇಡಿ. ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ನನ್ನ ಹತ್ತು ನಂಬರಿಗಾದದ್ದು ಅದೇ. ಹಳೆಯ ಪತ್ರಿಕೆಯೂ ಹಾಗೆಯೇ. ಹಸಿ ಪ್ಲೈವುಡ್ಡಿನಿಂದ ಹೊಮ್ಮುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಕಬ್ಬಿಣವನ್ನು ಕೆಡಿಸುತ್ತದೆ. ನೀರು ಹೀರದ ಇವಿಎ ಫೋಮ್ ಹಾಳೆ ಸರಿ. ಯಂತ್ರದ ಬಿಡಿಭಾಗ ಸುತ್ತಿ ಬರುವ ವಿಸಿಐ ಕಾಗದ ಸಿಕ್ಕರೆ ಬಿಸಾಡದೆ ಖಾನೆಗೊಂದು ತುಂಡು ಇಡಿ, ಅದರ ಆವಿ ಲೋಹದ ಮೇಲೆ ಪೊರೆಯಾಗಿ ಕೂತು ತುಕ್ಕು ತಡೆಯುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಳುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರೂ ಆಯಿತು. ಬಣ್ಣ ಬದಲಾದಾಗ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಮುಚ್ಚಳ ಸರಿಯಾಗಿ ಕೂರದ ಪೆಟ್ಟಿಗೆಯಲ್ಲಿ ಇವು ಎರಡು ದಿನಕ್ಕೇ ದಣಿಯುತ್ತವೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಉಪಾಯವನ್ನು ನಾನು ಕಲಿತದ್ದು ಘಟ್ಟದ ಮೇಲೆ. ಭಾವನ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಕತ್ತಿ, ಕೊಡಲಿ, ಒಂದು ಹಳೆಯ ಪಾನಾ ಸೆಟ್ ಇವೆ. ಹೊರಗೆ ಗೋಡೆಯೇ ಹಾವಸೆ ಕಟ್ಟುವ ಮಳೆಯಲ್ಲೂ ಅವುಗಳ ಮೇಲೆ ತುಕ್ಕಿನ ಸುಳಿವಿಲ್ಲ. ಮಸಿ ಹಿಡಿದಿದೆ, ಅಷ್ಟೇ. ಬೆಚ್ಚಗಿನ ಜಾಗ ಎಂಬುದೇ ಗುಟ್ಟು. 26 ಡಿಗ್ರಿಯಲ್ಲಿ ಶೇ. 95 ತೇವಾಂಶವಿರುವ ಗಾಳಿಯನ್ನು 33 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ನೀರಿನ ಆವಿ ಅಷ್ಟೇ ಇದ್ದರೂ, ತೇವಾಂಶ ಶೇ. 63ರ ಆಸುಪಾಸಿಗೆ ಇಳಿಯುತ್ತದೆ.

ನಮ್ಮ ಮನೆಯಲ್ಲಿ ಒಲೆಯಿಲ್ಲ, ಗ್ಯಾಸ್. ಹಾಗಾಗಿ ಗ್ಯಾರೇಜಿನ ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಮೇಲೆ ಒಂದು ಹಳೆಯ ಕಬ್ಬಿಣದ ಕಪಾಟು ಇಟ್ಟು, ಅದರ ಕೆಳಗಿನ ಅರೆಯಲ್ಲಿ 40 ವ್ಯಾಟಿನ ಹಳೆಯ ಕಾಲದ ಬಲ್ಬು ಹಾಕಿದ್ದೇನೆ. ಎಲ್‌ಇಡಿ ಇಲ್ಲಿ ಪ್ರಯೋಜನವಿಲ್ಲ, ನಮಗೆ ಬೇಕಾದದ್ದು ಅದು ಉಳಿಸುವ ಬಿಸಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂರಾತ್ರಿ ಉರಿದರೆ ತಿಂಗಳಿಗೆ ಸುಮಾರು 29 ಯೂನಿಟ್. ಹೆಚ್ಚಾಯಿತು ಎನಿಸಿದರೆ ರಾತ್ರಿ ಮಾತ್ರ ಹಾಕಿ. ಬಲ್ಬಿನ ಸುತ್ತ ತಂತಿಯ ಬಲೆ ಇರಲಿ, ಪೆಟ್ರೋಲ್ ಅಥವಾ ಥಿನ್ನರ್ ಸೋಕಿದ ಬಟ್ಟೆ ಆ ಕಪಾಟಿನ ಹತ್ತಿರ ಸುಳಿಯಬಾರದು. ಕರೆಂಟ್ ಹೋದ ದಿನಗಳಲ್ಲಿ ಎಣ್ಣೆಯ ಪೊರೆಯೇ ಗತಿ, ಆದ್ದರಿಂದ ತಿಂಗಳಿಗೊಮ್ಮೆ ಎಣ್ಣೆಬಟ್ಟೆಯಿಂದ ಸವರುವುದನ್ನು ಬಿಟ್ಟಿಲ್ಲ.

ಎರವಲು

ಅಷ್ಟೆಲ್ಲ ಜೋಡಿಸಿದ ಪೆಟ್ಟಿಗೆಯನ್ನು ಖಾಲಿ ಮಾಡುವುದು ತುಕ್ಕಲ್ಲ, ನೆಂಟರು. ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಮುಚ್ಚಳದ ಒಳಗೆ ಒಂದು ಸ್ಲೇಟಿನ ತುಂಡು ಅಂಟಿಸಿದ್ದೇನೆ. ಯಾರು ಏನು ಒಯ್ದರು, ಯಾವ ದಿನ ಎಂದು ಅವರ ಎದುರಿಗೇ ಬರೆಯುತ್ತೇನೆ. ಬರೆದದ್ದನ್ನು ನೋಡಿದವರು ಬೇಗ ತಂದುಕೊಡುತ್ತಾರೆ. ಹತ್ತು ನಂಬರನ್ನು ಮಾತ್ರ ಕೊಡುವುದಿಲ್ಲ. ಎರವಲಿಗೆಂದೇ ಇನ್ನೊಂದು ಅಗ್ಗದ ಹತ್ತು ಕೊಂಡು ದಾರ ಕಟ್ಟಿ ಬಾಗಿಲ ಹಿಂದೆ ನೇತುಹಾಕಿದ್ದೇನೆ.

ಈ ಸಲ ಮಳೆ ಹಿಡಿದ ಮೊದಲ ವಾರ ಮಗಳು ರಜೆಗೆ ಬಂದಿದ್ದಳು. ನನ್ನ ಕಣ್ಣಿಗೆ ಟವೆಲ್ ಕಟ್ಟಿ, ನಂಬರ್ ಕೂಗುತ್ತ ಪರೀಕ್ಷೆ ಮಾಡಿದಳು. ಹತ್ತು ಸರಿ. ಹದಿನೇಳು ಸರಿ. ಹದಿಮೂರು ಕೇಳಿದಾಗ ಹನ್ನೆರಡು ಕೊಟ್ಟೆ, ಎರಡು ಸಲವೂ. ಮರುದಿನ ಹದಿಮೂರರ ಗೂಟದ ಬುಡದಲ್ಲಿ ಅರದಿಂದ ಒಂದು ಗೀರು ಹಾಕಿದ್ದೇನೆ.